ಕರೆಸಿಕೊಂಡ ಸೈನ್ಯ

ಚಿತ್ರದುರ್ಗ
5 ಮಾರ್ಚ್ 2024

ದೇವು,

ಫೋನಿನಲ್ಲಿ ನೀನು ಮಾತಾಡುವುದಿಲ್ಲ, ಅಲ್ಲಿಯೂ ಪಾಸ್ಟರನಾಗಿ ಪ್ರಸಂಗ ಮಾಡುತ್ತೀಯ. ನಾನು ಫೋನನ್ನು ಕಟ್ಟೆಯ ಮೇಲಿಟ್ಟು ಪಾತ್ರೆ ತೊಳೆಯುತ್ತೇನೆ. ಇಬ್ಬರಿಗೂ ಅದರಿಂದ ಪ್ರಯೋಜನವಿಲ್ಲ. ಕಾಗದವಾದರೆ ನೀನು ನಡುವೆ ಬಾಯಿ ಹಾಕದೆ ಓದಬೇಕಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಭಾನುವಾರ ನಿನ್ನ ಸಭೆಯಲ್ಲಿ ಹಿಂದಿನ ಚಾಪೆಯ ಮೇಲೆ ಕೂತಿದ್ದೆ. ನೀನು ನನ್ನನ್ನು ನೋಡಿದೆ, ನೋಡಿಯೂ ಮುಂದುವರಿಸಿದೆ. ಧೈರ್ಯ ಬಂದಿದೆ, ಒಳ್ಳೆಯದು.

ನಡೆದದ್ದು ಇಷ್ಟು. ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದದ ಲಾರಿಯೊಂದು ಜವನಗೊಂಡನಹಳ್ಳಿ ದಾಟಿ ಗುಡ್ಡದ ಕಡೆ ಹೊರಟಿತ್ತು. ನಿಮ್ಮ ಹಟ್ಟಿಯ ತಿರುವಿನಲ್ಲಿ ಹೊರಳಲು ಹೋಗಿ ಪ್ರಾರ್ಥನಾಲಯದ ಮುಂಗೋಡೆ, ಜಗಲಿ, ಬಾಗಿಲಲ್ಲಿದ್ದ ಬೇವಿನ ಮರ ಮೂರನ್ನೂ ಕೆಡವಿತು. ದೇವರ ದಯೆಯಿಂದ ಒಳಗೆ ಯಾರೂ ಇರಲಿಲ್ಲ. ನನ್ನಂಥವಳ ಕಣ್ಣಿಗೆ ಇದು ಲಾರಿ, ಇಕ್ಕಟ್ಟಾದ ರಸ್ತೆ ಮತ್ತು ಕೆಳಗಿಳಿದು ದಾರಿ ತೋರಿಸಬೇಕಾದ ಹೊತ್ತಿನಲ್ಲಿ ಬೀಡಿ ಸೇದುತ್ತಿದ್ದ ಒಬ್ಬ ಕ್ಲೀನರ್. ನಿನ್ನ ಕಣ್ಣಿಗೆ ಅದು ಬೈಬಲಿನ ಕಸ್ದೀಯರ ದಂಡು, ಬಾಬೆಲಿನ ಸೈನ್ಯ. ಹಿಂದೆ ಯೆಹೂದದವರ ಪಾಪಕ್ಕೆ ದೇವರು ದೂರದ ಸೈನ್ಯಗಳಿಗೆ ಸಿಳ್ಳು ಹಾಕಿ ಕರೆಸಿದ ಹಾಗೆ ಈಗ ಗಾಳಿಯಂತ್ರದ ಕಂಪನಿಗೆ ಸಿಳ್ಳು ಹಾಕಿದ್ದಾನೆ! ಆ ಡ್ರೈವರು ಬಿಹಾರದವನಂತೆ. ಅವನಿಗೆ ಯಾವ ಭಾಷೆಯಲ್ಲಿ ಸಿಳ್ಳು ಹಾಕಿದ, ಕೇಳಿದೆಯಾ?

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಕ್ಕು ಬಸ್ಸು ಹತ್ತುತ್ತಿದ್ದೆ. ಆದರೆ ನಿನಗೆ ದಂಡು ಸಿಕ್ಕ ಮೇಲೆ ಪಾಪವೂ ಸಿಗಬೇಕಾಯಿತು. ನೀನು ಹುಡುಕಿ ಹುಡುಕಿ ಹಿಡಿದದ್ದು ನಿನ್ನ ಸಭೆಯವಳೇ ಆದ ಕಾಟಮ್ಮನನ್ನು. ಅವಳ ತಮ್ಮ ಎತ್ತಪ್ಪ ದೇವರ ಎತ್ತುಗಳನ್ನು ಮೇಯಿಸುವ ಕಿಲಾರಿ. ಆ ದನಗಳನ್ನು ಯಾರೂ ಹೂಡುವುದಿಲ್ಲ, ಮಾರುವುದಿಲ್ಲ. ಅವು ಗುಡ್ಡದ ದೇವರಿಗೆ ಬಿಟ್ಟವು. ಈ ಬೇಸಿಗೆಗೆ ಅವುಗಳ ಪಕ್ಕೆಲುಬುಗಳು ಕಾಣುತ್ತಿವೆ. ಕಾಟಮ್ಮ ತನ್ನ ಹಿತ್ತಲಿನ ಜೋಳದ ದಂಟಿನ ಸಪ್ಪೆಯನ್ನು ಒಂದು ಗಾಡಿ ಕಳಿಸಿದಳು. ಅಷ್ಟಕ್ಕೆ ಅವಳು ಬಾಳನೆಂಬ ಅನ್ಯದೇವರ ದನಕ್ಕೆ ಮೇವು ಹಾಕಿದವಳಾದಳು, ಅವಳ ಸಪ್ಪೆಯ ಕಾರಣಕ್ಕೆ ದೇವರ ಮನೆ ಬಿತ್ತು. ಈಸ್ಟರ್ ಭಾನುವಾರ ಅವಳು ಎಲ್ಲರೆದುರು ನಿಂತು ತಪ್ಪೊಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಕರ್ತನ ಭೋಜನದಿಂದ, ಸಭೆಯವರೆಲ್ಲ ಹಂಚಿಕೊಳ್ಳುವ ಆ ರೊಟ್ಟಿ ದ್ರಾಕ್ಷಾರಸದಿಂದ, ಹೊರಗೆ. ಆ ಪ್ರಾರ್ಥನಾಲಯ ನಿಂತಿರುವ ಜಾಗ ಅವಳ ಮಾವ ಅಂಜನಪ್ಪ ಕೊಟ್ಟದ್ದು ಎಂಬುದು ನಿನಗೆ ಮರೆತಿರಬೇಕು.

ಪ್ರವಾದಿಗಳು ಅರಸನ ಬಾಗಿಲಿಗೆ ಹೋಗಿ ಬೈದರು, ದೇವು. ವಿಧವೆಯ ಹೊಲ ನುಂಗಿದೆ, ಲಂಚ ತಿಂದು ನ್ಯಾಯ ತಿರುಚಿದೆ ಎಂದರು. ಹಸಿದ ದನಕ್ಕೆ ಮೇವು ಹಾಕಿದ ಹೆಂಗಸನ್ನು ಹಿಡಿಯಲು ದೇವರು ಬಾಬೆಲಿನಿಂದ ಸೈನ್ಯ ಕರೆಸಿದ ಉದಾಹರಣೆ ಇದ್ದರೆ ಅಧ್ಯಾಯ, ವಚನ ಬರೆದು ಕಳಿಸು. ಕಂಪನಿಯ ಎಂಜಿನಿಯರು ಬಂದಾಗ ನೀನು ಅವನಿಗೆ ಟೀ ಕೊಟ್ಟು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆಯಂತೆ. ಬಾಬೆಲಿನ ಅರಸ ನೆಬೂಕದ್ನೆಚ್ಚರನಿಗೆ ಟೀ, ಕಾಟಮ್ಮನಿಗೆ ಶಿಕ್ಷೆ. ಎಷ್ಟು ಅನುಕೂಲದ ಪ್ರವಾದನೆ!

ಇಷ್ಟು ಬರೆದು ಒಮ್ಮೆ ಓದಿಕೊಂಡೆ. ನನಗಿರುವುದು ಕಾಟಮ್ಮನ ಮೇಲಿನ ಕನಿಕರವೋ, ನಿನ್ನನ್ನು ಹೀಗಳೆಯಲು ಸಿಕ್ಕಿದ ಹೊಸ ಅವಕಾಶದ ಖುಷಿಯೋ ಎಂದು ಅನುಮಾನವಾಯಿತು. ಎರಡೂ ಇರಬಹುದು. ಆದರೂ ಬರೆದದ್ದು ಸರಿಯಾಗಿದೆ. ಕಾಗದವನ್ನು ಹರಿದು ಹಾಕುವುದಿಲ್ಲ.

ನಿನ್ನ ಅಕ್ಕ
ಲಿಡಿಯಾ


ಜವನಗೊಂಡನಹಳ್ಳಿ
14 ಮಾರ್ಚ್ 2024

ಕರ್ತನಲ್ಲಿ ಪ್ರಿಯಳಾದ ಅಕ್ಕನಿಗೆ,

ನಿನ್ನ ಕಾಗದ ತಲುಪಿತು. ಓದುವಾಗ ನೀನು ತಿದ್ದಿದ ಕಾಲೇಜು ಹುಡುಗನ ಉತ್ತರಪತ್ರಿಕೆ ವಾಪಸ್ಸು ಬಂದ ಹಾಗಿತ್ತು. ಕೊನೆಯಲ್ಲಿ ಅಂಕವನ್ನಷ್ಟೇ ಹಾಕಿರಲಿಲ್ಲ.

ನೀನು ವರ್ಷಕ್ಕೆ ಎರಡು ಸಲ ಬಂದು ಹಿಂದಿನ ಚಾಪೆಯ ಮೇಲೆ ಕೂರುತ್ತೀಯ. ನಾನು ಇಲ್ಲೇ ಇರುತ್ತೇನೆ. ಗೋಡೆ ಬಿದ್ದ ಮಾರನೆಯ ದಿನ ಓಬಣ್ಣನ ಹೋಟೆಲಿಗೆ ಹೋಗಿದ್ದೆ. ಬೆಂಚಿನ ಮೇಲೆ ಕೂರುವ ಮೊದಲೇ ಶುರುವಾಯಿತು.

“ಬರ್ರಿ ಪಾಸ್ಟ್ರೇ, ಕುಂತ್ಕಳ್ರಿ. ನಿಮ್ ದೇವ್ರು ಆಕಾಶ ಭೂಮಿ ಎಲ್ಲಾ ಮಾಡಿದೋನು ಅಂತೀರಿ. ಒಂದ್ ಗೋಡೆ ಕಾಯಕ್ಕಾಗ್ಲಿಲ್ವಾ?”

“ಲೇ, ಅವ್ನು ಹೊರಗಿನೋನು ಕಣೋ. ಇಲ್ಲಿ ತಿರುವು ಅವ್ನಿಗೆ ಹೆಂಗ್ ಗೊತ್ತಾಗ್ಬೇಕು?”

“ಗುಡ್ಡದ ಸ್ವಾಮಿ ಒಂದ್ ಸಲ ಮಗ್ಗಲು ಬದಲಾಯ್ಸಿದ್ರೆ ಸಾಕು, ನಾಳೆ ಹಿಂದಿನ ಗೋಡೆನೂ ಹೋಗ್ತೈತೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ? ಆದರೆ ಆ ಬೆಂಚಿನಲ್ಲಿ ನಮ್ಮ ಸಭೆಯ ಇಬ್ಬರಿದ್ದರು. ಅವರು ನಗಲಿಲ್ಲ, ತಲೆ ತಗ್ಗಿಸಿದರು. ಆ ವಾರ ಅರ್ಧ ಸಭೆ ಬರಲಿಲ್ಲ. ಅವರಿಗೆ ಬಂದ ಪ್ರಶ್ನೆ ಇಷ್ಟೇ: ನಮ್ಮ ದೇವರಿಗೆ ಕೈಲಾಗಲಿಲ್ಲವೋ, ಗುಡ್ಡದ ದೇವರು ಗೆದ್ದನೋ?

ಯೆರೂಸಲೇಮಿನ ಗೋಡೆ ಬಿದ್ದಾಗಲೂ ಜನ ಇದನ್ನೇ ಕೇಳಿರಬೇಕು. ಬಾಬೆಲಿನ ದೇವರುಗಳು ಗೆದ್ದವು, ನಮ್ಮವನು ಸೋತ ಎಂದು. ಇಲ್ಲ, ಆ ಸೈನ್ಯವನ್ನು ಕರೆಸಿದವನೇ ನಮ್ಮವನು, ಅವರ ಕೈಯಲ್ಲಿರುವುದು ಅವನ ಕೋಲು, ನಿಮ್ಮನ್ನು ಹೊಡೆದವನು ನಿಮ್ಮ ತಂದೆಯೇ ಹೊರತು ಪರರಲ್ಲ ಎಂದು ಪ್ರವಾದಿಗಳು ಹೇಳಿದರು. ಆ ಮಾತಿನಿಂದಲೇ ಆ ಜನ ಉಳಿದರು. ಸೋತ ದೇವರನ್ನು ಇಟ್ಟುಕೊಂಡು ಯಾರೂ ಎಪ್ಪತ್ತು ವರ್ಷ ಸೆರೆಯಲ್ಲಿ ಬದುಕಲಾರರು, ಅಕ್ಕ. ಹೊಡೆಯುವ ದೇವರನ್ನು ಇಟ್ಟುಕೊಂಡು ಬದುಕಬಹುದು.

ನಾನು ಹೇಳಿದ್ದು ಅದನ್ನೇ. ನಮ್ಮ ಗೋಡೆಯನ್ನು ಕೆಡವಿದವನು ನಮ್ಮ ದೇವರು ಎಂದೆ. ಮಾರನೆಯ ವಾರ ಸಭೆ ತುಂಬಿತು. ಯಾಕೆ ಕೆಡವಿದ ಎಂದು ಕೇಳಿದರು. ಕಾರಣ ಹೇಳಲೇಬೇಕಿತ್ತು.

ಕಾಟಮ್ಮನ ಮೇಲೆ ನನಗೆ ದ್ವೇಷವಿಲ್ಲ. ಅವಳ ಕೈಯಡುಗೆ ಉಂಡೇ ನಾನು ಇಲ್ಲಿ ಏಳು ವರ್ಷ ಕಳೆದಿರುವುದು. ಆದರೆ ಗೊತ್ತಿದ್ದೂ ಮಾಡಿದಳು. ಕೇಳಿದರೆ “ಹಸ್ಕಂಡಿದ್ವು, ಹಾಕ್ದೆ” ಎಂದು ನನ್ನ ಮುಖ ನೋಡಿದಳು, ನಾನು ದಡ್ಡನೆಂಬ ಹಾಗೆ. ನಿನ್ನ ಹಾಗೆಯೇ.

ಪ್ರಾರ್ಥನೆಯಲ್ಲಿ ನೆನೆಯುವ
ದೇವದಾನ


ಚಿತ್ರದುರ್ಗ
20 ಮಾರ್ಚ್ 2024

ದೇವು,

ನಿನ್ನ ಕಾಗದ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿತ್ತು. ಹೋಟೆಲಿನ ಭಾಗ ಓದಿ ಒಂದು ಕ್ಷಣ ನಿನ್ನ ಮೇಲೆ ಮರುಕ ಬಂತು. ಆಮೇಲೆ ಹೋಯಿತು.

ಹೆದರಿದವರಿಗೆ ಧೈರ್ಯ ಹೇಳಬೇಕು, ಒಪ್ಪಿದೆ. ಅದಕ್ಕೆ ಒಬ್ಬ ಹೆಂಗಸನ್ನು ಹಿಡಿದು ನಿಲ್ಲಿಸಬೇಕೇ? ದೇವರ ಮಾನ ಉಳಿಸಲು ಕಾಟಮ್ಮನ ಮಾನ ಖರ್ಚು ಮಾಡುತ್ತಿದ್ದೀಯ. ಓಬಣ್ಣನ ಬೆಂಚಿನವರಿಗೆ ಉತ್ತರ ಕೊಡಲಾಗದೆ ಬಂದು, ನಿನ್ನ ಸಭೆಯ ಚಾಪೆಯಲ್ಲಿ ಕೂತ ಅವಳ ಮೇಲೆ ತೀರಿಸಿಕೊಂಡೆ. ನಿನ್ನಂಥ ಪ್ರವಾದಿ ಆ ಕಾಲದಲ್ಲಿ ಇದ್ದಿದ್ದರೆ ಅರಸನಿಗೆ ಎಷ್ಟು ನೆಮ್ಮದಿ! ಸಿಂಹಾಸನದಲ್ಲಿ ಕಾಲು ಚಾಚಿ ಕೂತು, ಹೌದಪ್ಪ, ಆ ಅಡುಗೆಯವಳದೇ ತಪ್ಪು, ಅವಳನ್ನು ಕರೆಸು ಎನ್ನುತ್ತಿದ್ದ.

ಇನ್ನೊಂದು ವಿಷಯವನ್ನು ನೀನು ಬೇಕೆಂದೇ ಬಿಟ್ಟಿದ್ದೀಯ. ಬಾಬೆಲಿಗೂ ಮುಂಚೆ ದಂಡೆತ್ತಿ ಬಂದ ಅಶ್ಶೂರವನ್ನು ತನ್ನ ಕೈಯ ಕೋಲು ಎಂದ ದೇವರೇ ಅದರ ಬೆನ್ನಿಗೆ, ಈ ಕೋಲಿಗೆ ಸೊಕ್ಕು ಬಂದಿದೆ, ಇದನ್ನೂ ಸುಡುತ್ತೇನೆ ಎನ್ನುತ್ತಾನೆ. ಕೊಡಲಿ ತಾನೇ ಮರ ಕಡಿದೆ ಎಂದು ಜಂಬ ಪಟ್ಟರೆ ಹೇಗೆ ಎಂದು ಕೇಳುತ್ತಾನೆ. ನಿನ್ನ ಪ್ರಸಂಗದಲ್ಲಿ ಆ ಭಾಗ ಬರಲೇ ಇಲ್ಲ. ಕಂಪನಿಯವರಿಗೆ ಅದನ್ನು ಓದಿ ಹೇಳಿ ಆಮೇಲೆ ಟೀ ಕೊಟ್ಟಿದ್ದರೆ ನಾನೇ ಬಂದು ನಿನ್ನ ಕಾಲಿಗೆ ಬೀಳುತ್ತಿದ್ದೆ.

ನೀನು ಹಿಂದೆ ಸರಿಯುವುದಿಲ್ಲ ಎಂದು ಗೊತ್ತಾಯಿತು. ಆದ್ದರಿಂದ ಹೊಳಲ್ಕೆರೆಗೆ ಬರೆದಿದ್ದೇನೆ, ನಿಮ್ಮ ಸಂಘದ ಮೇಲ್ವಿಚಾರಕ ಸತ್ಯನಾಥರಿಗೆ. ಅವರ ವಾರ್ಷಿಕ ವರದಿಯ ಇಂಗ್ಲಿಷನ್ನು ತಿದ್ದಿಕೊಡುವವಳು ನಾನೇ ಆದ್ದರಿಂದ ಓದುತ್ತಾರೆ. ಒಬ್ಬ ತರಬೇತಿ ಸಾಲದ ಪಾಸ್ಟರು ಅಪಘಾತವೊಂದನ್ನು ದೈವಶಿಕ್ಷೆ ಎಂದು ಬೋಧಿಸಿ ಬಡ ಕುಟುಂಬವನ್ನು ಹೊರಹಾಕಲಿದ್ದಾನೆ, ದಯವಿಟ್ಟು ಮಧ್ಯೆ ಬನ್ನಿ ಎಂದು ಬರೆದೆ. ಆ ಸಭೆ ಅವನೊಬ್ಬನ ಸ್ವಂತ ಆಸ್ತಿಯ ಹಾಗಾಗಿದೆ ಎಂದೂ ಬರೆದೆ. ಅದು ಸ್ವಲ್ಪ ಹೆಚ್ಚಾಯಿತೇನೋ. ವಾಕ್ಯ ಚೆನ್ನಾಗಿ ಬಂದಿತ್ತು, ತೆಗೆಯಲು ಮನಸ್ಸಾಗಲಿಲ್ಲ.

ನಿನ್ನ ಬೆನ್ನ ಹಿಂದೆ ಮಾಡಬಾರದೆಂದು ತಿಳಿಸುತ್ತಿದ್ದೇನೆ.

ಲಿಡಿಯಾ


ಜವನಗೊಂಡನಹಳ್ಳಿ
2 ಏಪ್ರಿಲ್ 2024

ಅಕ್ಕ,

ಈಸ್ಟರ್ ದಿನ ಮೇಲ್ವಿಚಾರಕರು ಬಂದಿದ್ದರು. ಬಿಳಿ ಕಾರು. ನಾನು ಬಾಯಿ ತೆರೆಯುವ ಮೊದಲೇ ಅವರು ಎದ್ದು ನಿಂತು, ಈ ಸಭೆಯಲ್ಲಿ ಯಾರೂ ಯಾರ ಮುಂದೆಯೂ ತಪ್ಪೊಪ್ಪಿಕೊಳ್ಳಬೇಕಾಗಿಲ್ಲ, ಲಾರಿ ತಾಗಿದ್ದು ರಸ್ತೆ ಅಗಲವಿಲ್ಲದ್ದಕ್ಕೆ ಎಂದರು. ಕಾಟಮ್ಮ ಸೆರಗು ಸರಿಮಾಡಿಕೊಂಡು ನಿಂತಿದ್ದಳು, ಮಾತಾಡಲು ಸಿದ್ಧವಾಗಿ. “ಕೂತುಕೊಳ್ಳಮ್ಮ” ಎಂದರು. ಕೂತಳು. ಕರ್ತನ ಭೋಜನವನ್ನು ಅವರೇ ಬಡಿಸಿದರು. ನಾನು ಪಾತ್ರೆ ಹಿಡಿದುಕೊಂಡಿದ್ದೆ.

ಆರಾಧನೆ ಮುಗಿದ ಮೇಲೆ ಬಿದ್ದ ಗೋಡೆಯ ಸುತ್ತ ಎರಡು ಸುತ್ತು ಬಂದರು. ಕಂಪನಿಯ ಎಂಜಿನಿಯರೂ ಬಂದಿದ್ದ, ಅವರೇ ಕರೆಸಿದ್ದರಂತೆ. ಇಬ್ಬರೂ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು.

ನಿನಗೆ ಸಮಾಧಾನವಾಗಿರಬೇಕು.

ದೇವದಾನ


ಚಿತ್ರದುರ್ಗ
6 ಏಪ್ರಿಲ್ 2024

ದೇವು,

ಹೌದು, ಸಮಾಧಾನವಾಯಿತು. ಸುಳ್ಳು ಹೇಳುವುದಿಲ್ಲ.

ನೀನು ಪಾತ್ರೆ ಹಿಡಿದು ನಿಂತದ್ದನ್ನು ನೆನೆದು ನಗುವೂ ಬಂತು. ಅದನ್ನು ಬರೆಯಬಾರದಿತ್ತು, ಆದರೂ ಬರೆದೆ. ಒಂದು ಲಾರಿಯಿಂದ ಮೂರು ಪ್ರಸಂಗ ಹಿಂಡಿದವನಿಗೆ ಒಂದು ಭಾನುವಾರ ಬಾಯಿ ಮುಚ್ಚಿ ನಿಲ್ಲುವುದು ಕೆಟ್ಟದ್ದೇನಲ್ಲ. ಸತ್ಯನಾಥರು ನನಗೊಂದು ಸಾಲು ಬರೆದಿದ್ದಾರೆ: ನನ್ನ ಪತ್ರ ಬಹಳ ಸ್ಪಷ್ಟವಾಗಿತ್ತಂತೆ, ಸಮಿತಿಯ ಮುಂದೆ ಓದಿಸುತ್ತಾರಂತೆ.

ರಜೆಯಲ್ಲಿ ಬಾ. ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದೇನೆ.

ಅಕ್ಕ


ಹೊಸದುರ್ಗ
11 ಜೂನ್ 2024

ಅಕ್ಕ,

ವಿಳಾಸ ನೋಡಿ ನಿನಗೆ ಅರ್ಥವಾಗಿರಬೇಕು. ಮೇ ಕೊನೆಯಲ್ಲಿ ನನ್ನನ್ನು ಇಲ್ಲಿಗೆ ಕಳಿಸಿದರು. ಇಲ್ಲಿ ನಾನು ಸಂಘದ ಹಾಸ್ಟೆಲ್ಲಿನ ವಾರ್ಡನ್. ಪ್ರಸಂಗ ಮಾಡುವಂತಿಲ್ಲ. ಜವನಗೊಂಡನಹಳ್ಳಿಯೂ ಸೇರಿ ಹಿರಿಯೂರು ಕಡೆ ಹೋಗಿ ಯಾವ ಸೇವೆಯನ್ನೂ ಮಾಡುವಂತಿಲ್ಲ ಎಂದು ಆದೇಶದಲ್ಲೇ ಇದೆ.

ಅಲ್ಲಿ ಬೇರೆ ಪಾಸ್ಟರು ಬರುತ್ತಾರೆ ಎಂದುಕೊಂಡಿದ್ದರೆ, ಇಲ್ಲ. ಆ ಸಭೆ ಚಿಕ್ಕದು, ಗೋಡೆ ಕಟ್ಟಿಸಲು ತಕ್ಕದ್ದಲ್ಲ, ಪಾಸ್ಟರನ ಕಾರಣಕ್ಕೆ ಶಿಸ್ತು ಕೆಟ್ಟಿದೆ ಎಂದು ಸಮಿತಿ ತೀರ್ಮಾನಿಸಿತು. ಅದಕ್ಕೆ ಆಧಾರ ನಿನ್ನ ಪತ್ರ. ಸ್ವಂತ ಆಸ್ತಿ ಎಂಬ ನಿನ್ನ ಆ ಚೆನ್ನಾಗಿ ಬಂದ ವಾಕ್ಯವನ್ನು ಠರಾವಿನಲ್ಲಿ ಹಾಗೇ ಎತ್ತಿಕೊಂಡಿದ್ದಾರೆ. ಜಾಗ ಸಂಘದ ಹೆಸರಿನಲ್ಲಿದೆ. ಅಂಜನಪ್ಪ ನಂಬಿ ಹಾಗೆ ಬರೆದುಕೊಟ್ಟಿದ್ದರು. ಅದನ್ನೀಗ ಕಂಪನಿಗೆ ಬಿಟ್ಟುಕೊಟ್ಟರು, ರೆಕ್ಕೆಯ ಲಾರಿಗಳು ಹೊರಳಿಕೊಳ್ಳಲು. ಉಳಿದ ಮೂರು ಗೋಡೆಯನ್ನೂ ಕೆಡವಿಯಾಯಿತು. ಸಭೆಯವರು ಇನ್ನು ಮುಂದೆ ಹಿರಿಯೂರಿಗೆ ಹೋಗಿ ಆರಾಧಿಸಬೇಕಂತೆ. ಕುರಿ ಬಿಟ್ಟು ಯಾರು ಹೋಗುತ್ತಾರೆ?

ಆಹಾಜನನ್ನು ಬಲ್ಲೆಯಲ್ಲ, ಯೆಹೂದದ ಅರಸ. ಇಬ್ಬರು ಸಣ್ಣ ಅರಸರು ಊರ ಬಾಗಿಲಿಗೆ ಬಂದರೆಂದು ನಡುಗಿದ. ಅವರು ಹೊಗೆಯಾಡುವ ಕೊಳ್ಳಿಯ ತುದಿಗಳು, ತಾವಾಗಿ ಆರುತ್ತಾರೆ, ಸುಮ್ಮನಿರು ಎಂದು ಪ್ರವಾದಿ ಹೇಳಿದ. ಆಹಾಜ ಬುದ್ಧಿವಂತ, ಸುಮ್ಮನಿರಲಿಲ್ಲ. ಅಶ್ಶೂರದ ಅರಸನಿಗೆ, ನಾನು ನಿನ್ನವನು, ಬಂದು ಬಿಡಿಸು ಎಂದು ಹೇಳಿಕಳಿಸಿದ. ಅಶ್ಶೂರದವನು ಬಂದ. ಆ ಇಬ್ಬರನ್ನೂ ಮುಗಿಸಿದ. ಮುಗಿಸಿ ಹಿಂದಿರುಗಲಿಲ್ಲ. ದಡ ಮೀರಿದ ಹೊಳೆಯ ಹಾಗೆ ಯೆಹೂದದ ಕುತ್ತಿಗೆಯವರೆಗೆ ಬಂದ.

ನಾನು ಹೊಗೆಯಾಡುವ ಕೊಳ್ಳಿ, ಅಕ್ಕ. ಒಪ್ಪುತ್ತೇನೆ. ಕಾಟಮ್ಮ ಎದ್ದು ಏನಾದರೂ ಅನ್ನುತ್ತಿದ್ದಳು, ನಾನು ಏನಾದರೂ ಅನ್ನುತ್ತಿದ್ದೆ, ಮಳೆಗಾಲ ಬರುವಷ್ಟರಲ್ಲಿ ಆರುತ್ತಿತ್ತು. ನಿನಗೆ ಕಾಯುವುದು ಕಷ್ಟವಾಯಿತು. ನನ್ನಂಥವನ ಜೊತೆ ವಾದ ಮಾಡಿ ಗೆಲ್ಲುವುದು ನಿನ್ನ ಅಂತಸ್ತಿಗೆ ಕಡಿಮೆಯಾಯಿತು, ನಿನ್ನ ಇಂಗ್ಲಿಷು ಅರ್ಥವಾಗುವವರನ್ನು ಕರೆಸಿದೆ.

ಆ ಕಂಪನಿಗೆ ದೇವರು ಸಿಳ್ಳು ಹಾಕಿದನೋ ಇಲ್ಲವೋ, ಇನ್ನು ನಾನು ವಾದಿಸುವುದಿಲ್ಲ. ಎರಡನೆಯ ಸಲ ಬಂದವರಿಗೆ ಸಿಳ್ಳು ಹಾಕಿದ್ದು ನೀನು. ಅದು ಖಂಡಿತ.

ದೇವದಾನ


ಚಿತ್ರದುರ್ಗ
24 ಜೂನ್ 2024

ದೇವು,

ನಿನ್ನ ಕಾಗದಕ್ಕೆ ಅಂದೇ ಉತ್ತರ ಬರೆದು ಹರಿದೆ. ಅದರಲ್ಲಿ ನೀನು ಆಹಾಜನ ಕಥೆಯನ್ನು ಎಲ್ಲಿ ತಪ್ಪು ಹೇಳಿದ್ದೀಯ ಎಂದು ತೋರಿಸಿದ್ದೆ. ಹೆಚ್ಚೇನೂ ತಪ್ಪಿರಲಿಲ್ಲ.

ಶನಿವಾರ ಹೊಳಲ್ಕೆರೆಗೆ ಹೋಗಿದ್ದೆ. ಸತ್ಯನಾಥರು ಮನೆಯಲ್ಲೇ ಇದ್ದರು. ನನ್ನ ಉದ್ದೇಶ ಇದಾಗಿರಲಿಲ್ಲ, ಪತ್ರವನ್ನು ಹಿಂತೆಗೆದುಕೊಳ್ಳುತ್ತೇನೆ ಎಂದೆ. ಅವರಿಗೆ ಬಹಳ ಆಶ್ಚರ್ಯವಾಯಿತು. “ಅದನ್ನು ಹಿಂತೆಗೆದುಕೊಳ್ಳುವ ಅಗತ್ಯವೇನಿದೆ, ಮೇಡಂ? ಅಷ್ಟು ಸಮತೋಲನದ ಪತ್ರವನ್ನು ನಾನು ಓದಿಯೇ ಇರಲಿಲ್ಲ” ಎಂದರು. ಆ ಬಡ ಹೆಂಗಸಿನ ಗತಿ ಏನು ಎಂದು ಕೇಳಿದೆ. “ಯಾವ ಹೆಂಗಸು?” ಎಂದರು. ನೆನಪು ಮಾಡಿಕೊಟ್ಟ ಮೇಲೆ, “ಓ, ಆಕೆ. ಆಕೆಯ ಸಮಸ್ಯೆ ಬಗೆಹರಿಯಿತಲ್ಲ. ಈಗ ಆಕೆಯನ್ನು ಹೊರಹಾಕುವವರೇ ಇಲ್ಲ” ಎಂದರು. ಎಲ್ಲ ದೇವರ ಚಿತ್ತ ಎಂದೂ ಸೇರಿಸಿದರು. ನೀನು ಅದೇ ಮಾತನ್ನು ಕೂಗಿ ಹೇಳುತ್ತಿದ್ದೆ. ಇವರು ಗೋಡಂಬಿ ಬಾಯಿಗೆ ಹಾಕಿಕೊಳ್ಳುತ್ತ ಹೇಳಿದರು. ಕೂಗಿದ್ದೇ ವಾಸಿ ಅನ್ನಿಸಿತು.

ಬಸ್ಸಿನಲ್ಲಿ ಬರುತ್ತ ಅವರನ್ನು ಮನಸ್ಸಿನಲ್ಲೇ ಎಷ್ಟು ತುಚ್ಛವಾಗಿ ಕಾಣಬಹುದೋ ಅಷ್ಟು ಕಂಡೆ. ಅವರ ವರದಿಯ ವ್ಯಾಕರಣ, ಸಫಾರಿ ಸೂಟು, ಗೋಡಂಬಿ. ಭೀಮಸಮುದ್ರದ ಕ್ರಾಸ್ ಬರುವ ಹೊತ್ತಿಗೆ ಅವರಲ್ಲಿ ಹಂಗಿಸಲು ಏನೂ ಉಳಿದಿರಲಿಲ್ಲ. ನಾನೊಬ್ಬಳು ಉಳಿದೆ.

ನೀನು ಮಾಡಿದ್ದು ಸರಿ ಎಂದು ಇದರ ಅರ್ಥವಲ್ಲ. ಕಾಟಮ್ಮನನ್ನು ಎದ್ದು ನಿಲ್ಲು ಎಂದದ್ದು ಈಗಲೂ ಹೀನ ಕೆಲಸವೇ. ನಿನ್ನದಕ್ಕಿಂತ ದೊಡ್ಡ ಹಾನಿ ನನ್ನಿಂದ ಆಯಿತು ಎಂಬ ಕಾರಣಕ್ಕೆ ನಿನ್ನದು ಸಣ್ಣದಾಗುವುದಿಲ್ಲ.

ಅವಳನ್ನು ನೋಡಬೇಕು. ಹೋಗಲು ಹೆದರಿಕೆ.

ಲಿಡಿಯಾ


ಚಿತ್ರದುರ್ಗ
20 ಆಗಸ್ಟ್ 2024

ದೇವು,

ಎರಡು ತಿಂಗಳಿಂದ ನೀನು ಬರೆದಿಲ್ಲ. ನಾನೂ ಬರೆದಿಲ್ಲ. ಮೊನ್ನೆ ಭಾನುವಾರ ಹೋಗಿ ಬಂದೆ. ಅದನ್ನು ನಿನಗೆ ಹೇಳಬೇಕು. ಬೇರೆ ಯಾರಿಗೆ ಹೇಳಲಿ?

ಪ್ರಾರ್ಥನಾಲಯ ಇದ್ದ ಜಾಗ ಈಗ ಸಪಾಟು. ಜಲ್ಲಿ ಹಾಕಿ ರೋಲರ್ ಹೊಡೆದಿದ್ದಾರೆ. ನಾನು ನಿಂತಿದ್ದಾಗಲೇ ಒಂದು ಲಾರಿ ಬಂತು. ಆರಾಮವಾಗಿ ಹೊರಳಿಕೊಂಡು ಹೋಯಿತು. ತಪ್ಪೇನೂ ಕಾಣಲಿಲ್ಲ, ಒಳ್ಳೆಯ ತಿರುವು.

ಜನ ಕಾಟಮ್ಮನ ಮನೆಯ ಮುಂದೆ ಸೇರಿದ್ದರು. ಕುರಿ ಕೂಡುವ ರೊಪ್ಪದ ಪಕ್ಕದ ಅಂಗಳದಲ್ಲಿ ನಾಲ್ಕು ಗಳ ನೆಟ್ಟು ಸೋಗೆ ಹೊದಿಸಿದ್ದಾರೆ. ನೆರಳು ಅರ್ಧಕ್ಕೆ, ಉಳಿದವರು ಬಿಸಿಲಿನಲ್ಲಿ. ನಾನು ಎಣಿಸಿದ್ದಕ್ಕಿಂತ ಹೆಚ್ಚು ಜನ. ಕಾಟಮ್ಮ ನನ್ನನ್ನು ಕಂಡು ಎದ್ದಳು.

“ಬರ್ರಿ ಮೇಡಂ. ಇಲ್ಲಿ ಮುಂದೆ ಕುಂತ್ಕಳ್ರಿ.”

“ಹಿಂದೆಯೇ ಕೂರುತ್ತೇನೆ” ಎಂದೆ.

“ಹಿಂದೆ ಕುಂತು ಮಾಡಿದ್ದು ಸಾಕು. ಮುಂದೆ ಬರ್ರಿ.”

ಒಂದಿಬ್ಬರು ನಕ್ಕರು. ನನ್ನ ಕಾಗದದ ವಿಷಯ ಅವರಿಗೆಲ್ಲ ಗೊತ್ತಿದೆ ಎಂದು ಅಷ್ಟರಿಂದಲೇ ತಿಳಿಯಿತು. ಮುಂದೆ ಹೋಗಿ ಕೂತೆ.

ಹಾಡಿದರು. ಅವಳ ಗಂಡ ಮಂಜಣ್ಣ ಪ್ರಾರ್ಥನೆ ಮಾಡಿದ. ಮಳೆ, ಕುರಿಗಳ ಕಾಲುಬೇನೆ, ಅಳಿಯನ ಕುಡಿತ, ಮತ್ತೆ ಕುರಿಗಳು. ನಿನ್ನ ಹೆಸರೂ ಬಂತು, “ನಮ್ ಪಾಸ್ಟ್ರಿಗೆ ಅಲ್ಲಿ ಊಟ ಸರಿಹೋಗ್ಲಪ್ಪ” ಎಂದು. ಆಮೇಲೆ ಪ್ರಸಂಗದ ಹೊತ್ತು. ಯಾರೂ ಏಳಲಿಲ್ಲ. ಕಾಟಮ್ಮ ನನ್ನ ಕಡೆ ತಿರುಗಿದಳು.

“ಪಾಸ್ಟ್ರಿಲ್ಲ, ಓದಿದೋರು ನೀವಿದೀರಿ. ಒಂದ್ ಮಾತು ಹೇಳ್ರಿ. ಇದು ಯಾರ ಪಾಪಕ್ಕೆ ಬಂದಿದ್ದು? ಪಾಸ್ಟ್ರು ನಂದು ಅಂದ್ರು. ಹೊಳಲ್ಕೆರೆ ದೊಡ್ಡಯ್ಯ ಬಂದು ಯಾರ್ದೂ ಅಲ್ಲ, ರಸ್ತೆ ಸಣ್ಣದು ಅಂದು ಮನೆನೇ ಕಿತ್ಹಾಕ್ದ. ನೀವೇನಂತೀರಿ?”

ಎಲ್ಲರೂ ನೋಡುತ್ತಿದ್ದರು. ಅದು ಬಲೆ ಎಂದು ಗೊತ್ತಿತ್ತು. ಯಾರ ಪಾಪವೂ ಅಲ್ಲ ಎಂದರೆ ಸತ್ಯನಾಥರ ಪಕ್ಕ ಕೂತ ಹಾಗೆ. ಪಾಪದಿಂದಲೇ ಬಂತು ಎಂದರೆ ನಿನ್ನ ಪಕ್ಕ ಕೂತ ಹಾಗೆ, ಪಾಪಿ ಮಾತ್ರ ಬೇರೆ. ನಾನು ಎದ್ದು ನಿಂತೆ. ನಿಲ್ಲು ಎಂದು ಯಾರೂ ಹೇಳಿರಲಿಲ್ಲ.

“ನಾನು ಕರೆಸಿದ್ದು” ಎಂದೆ. “ದೇವರಲ್ಲ. ಅವರನ್ನು ಕಾಗದ ಬರೆದು ಕರೆಸಿದ್ದು ನಾನು. ಕಾಟಮ್ಮನಿಗೆ ಒಳ್ಳೆಯದಾಗಲಿ ಎಂದು ಬರೆದೆ. ನನ್ನಿಂದಲೇ ಇದೆಲ್ಲ ಹೋಯಿತು.”

ಇನ್ನೂ ಏನೇನೋ ಹೇಳುವುದಿತ್ತು, ಬಸ್ಸಿನಲ್ಲಿ ಯೋಚಿಸಿಕೊಂಡಿದ್ದೆ. ಕಾಟಮ್ಮ ಕೇಳಲಿಲ್ಲ.

“ನೀವಾ?” ಎಂದಳು. ನನ್ನನ್ನು ತಲೆಯಿಂದ ಚಪ್ಪಲಿಯವರೆಗೆ ನೋಡಿದಳು. “ಒಂದ್ ಕಾಗ್ದ ಬರ್ದು ದೇವ್ರ ಮನೆ ಕೆಡವಿಬಿಟ್ರಾ? ಅಷ್ಟ್ ದೊಡ್ಡೋರಾ ನೀವು?”

ಅವಳ ಅತ್ತೆ ತಿಪ್ಪಮ್ಮ, “ಬಿಡೇ, ಪಾಪ, ಮಕ ನೋಡು ಹೆಂಗಾಗೈತೆ” ಎಂದಳು.

“ಪಾಪ ಏನ್ ಬಂತು ಅತ್ತೆ? ನಾನು ಸಪ್ಪೆ ಹಾಕಿದ್ದಕ್ಕೆ ದಂಡು ಬಂತು ಅಂತ ಅವ್ರು. ತಾನು ಕಾಗ್ದ ಹಾಕಿದ್ದಕ್ಕೆ ದಂಡು ಬಂತು ಅಂತ ಇವ್ರು. ಅಕ್ಕ ತಮ್ಮ ಇಬ್ರೂ ದೇವ್ರನ್ನ ಸಂಬಳಕ್ಕಿಟ್ಕಂಡವ್ರೆ.” ಈಗ ಜೋರು ನಗು. ನಗು ನಿಲ್ಲಲಿ ಎಂದು ಅವಳು ಕಾದಳು. “ನಮ್ ಮಾವ ಜಾಗ ಕೊಟ್ಟಿದ್ದು ಸಂಘಕ್ಕಲ್ಲ, ಮೇಲಿರೋ ಅವ್ನಿಗೆ. ತಗಂಡೋನು ಅವ್ನು. ಬಿಟ್ಟೋನೂ ಅವ್ನೇ. ಯಾಕೆ ಬಿಟ್ಟೆ ಅಂತ ನಾನ್ ಅವ್ನನ್ನ ಕೇಳ್ತಾ ಇದೀನಿ, ದಿನಾ ಕೇಳ್ತಾ ಇದೀನಿ. ಉತ್ತರ ನಿಮ್ ಹತ್ರ ಐತೆ ಅಂತ ನಿಮ್ಮನ್ನ ಕೇಳ್ಲಿಲ್ಲ. ಏನಂತೀರೋ ನೋಡಾಣ ಅಂತ ಕೇಳ್ದೆ. ಸರ್ಕಂಡ್ ಕುಂತ್ಕಳ್ರಿ, ಬಿಸ್ಲಾಗೆ ಜನ ಅವ್ರೆ.”

ಸರಿದು ಕೂತೆ.

ಅವಳು ಹೇಳಿದ್ದನ್ನು ನಾನು ಪೂರ್ತಿ ಒಪ್ಪಿಲ್ಲ. ಠರಾವಿನಲ್ಲಿರುವುದು ನನ್ನ ವಾಕ್ಯ, ದೇವರದಲ್ಲ. ಎಲ್ಲವನ್ನೂ ಅವನ ಹೆಗಲಿಗೆ ಹಾಕಿದರೆ ಸತ್ಯನಾಥರು ನಿಶ್ಚಿಂತೆಯಿಂದ ಗೋಡಂಬಿ ತಿನ್ನಬಹುದು. ಇದನ್ನು ಅವಳಿಗೆ ಹೇಳಬೇಕೆಂದು ಬಾಯಿಗೆ ಬಂತು. ಹೇಳಲಿಲ್ಲ. ಸರಿ ಎಂದು ಸುಮ್ಮನಾದದ್ದಲ್ಲ, ನಾಚಿಕೆಗೆ ಸುಮ್ಮನಾದದ್ದು. ಆ ನಗು ಇನ್ನೂ ಕಿವಿಯಲ್ಲಿದೆ. ನಾನು ಇಷ್ಟು ವರ್ಷ ಜನರನ್ನು ನೋಡಿ ಒಳಗೇ ನಗುತ್ತಿದ್ದದ್ದು ಎದುರಿನವರಿಗೆ ಹೀಗೆ ಕೇಳಿಸುತ್ತಿತ್ತೋ ಏನೋ. ನಿನ್ನನ್ನೇ ಕೇಳಬಹುದು.

ಆಮೇಲೆ ಕಾಟಮ್ಮ ನನಗೆ ಊಟ ಹಾಕಿದಳು. ಮುದ್ದೆ, ಹುರುಳಿ ಸಾರು. ಉಣ್ಣುವಾಗ, ಏನಾದರೂ ಬೇಕೇ ಎಂದು ಕೇಳಿದೆ. ಚಪ್ಪರಕ್ಕೆ ಶೀಟು ಹಾಕಿಸಲೇ ಎಂದೆ. ಶೀಟು ಬೇಡವಂತೆ. ಈಸ್ಟರ್ ಆದ ಮೇಲೆ ಅವರಿಗೆ ಕರ್ತನ ಭೋಜನ ಸಿಕ್ಕಿಲ್ಲ. ಸಿಕ್ಕಿದ್ದೂ ಆ ದೊಡ್ಡಯ್ಯನ ಕೈಯಿಂದ, ಅದನ್ನು ಅವಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವಳಿಗೆ ನಿನ್ನ ಕೈಯಿಂದ ಬೇಕು.

“ಹೊರಗೆ ಹಾಕ್ತೀನಿ ಅಂದೋರು ಅವ್ರು. ಅವ್ರೇ ಬಂದು ಎಲ್ಲಾರ ಎದುರಿಗೆ ಮೊದ್ಲು ನನಗೆ ಕೊಡ್ಲಿ. ನಾನೂ ಹೇಳೋದು ಹೇಳ್ತೀನಿ. ಅವತ್ತು ಎದ್ದು ನಿಂತಿದ್ದೆ, ಮಾತು ಬಾಯಾಗೇ ಉಳೀತು. ನಿಮ್ ದೊಡ್ಡಯ್ಯ ಕೂರ್ಸಿಬಿಟ್ರು.”

ಏನು ಹೇಳುವುದಿತ್ತು ಎಂದು ಕೇಳಿದೆ. ಅದು ನಿನಗೆ ಹೇಳುವುದಂತೆ, ನನಗಲ್ಲ.

ನೀನು ಅಲ್ಲಿ ಸೇವೆ ಮಾಡಿದ್ದು ಸಂಘಕ್ಕೆ ಗೊತ್ತಾದರೆ ವಾರ್ಡನ್ ಕೆಲಸವೂ ಹೋಗುತ್ತದೆ. ಅದನ್ನು ಯೋಚಿಸಿ ತೀರ್ಮಾನ ಮಾಡು, ಒತ್ತಾಯವಿಲ್ಲ. ಸೆಪ್ಟೆಂಬರ್ ಒಂದು ಭಾನುವಾರ. ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಇರುತ್ತೇನೆ. ನೀನು ಇಳಿಯದಿದ್ದರೆ ನಾನೊಬ್ಬಳೇ ಹೋಗಿ ಪಾಸ್ಟರು ಬರಲಿಲ್ಲ ಎಂದು ಹೇಳಿ, ಅವಳು ಏನೆನ್ನುತ್ತಾಳೋ ಕೇಳಿಸಿಕೊಂಡು ಕೂತು ಬರುತ್ತೇನೆ.

ಅಕ್ಕ


ಹೊಸದುರ್ಗ
27 ಆಗಸ್ಟ್ 2024

ಅಕ್ಕ,

ಮೊದಲ ಬಸ್ಸಿಗೆ ಬರುತ್ತೇನೆ. ಹಾಸ್ಟೆಲ್ಲಿನಲ್ಲಿ ಹೇಳಿಯೇ ಬರುತ್ತೇನೆ, ಕದ್ದು ಬರುವುದಿಲ್ಲ. ಆದದ್ದು ಆಗಲಿ.

ಭೋಜನದ ರೊಟ್ಟಿಯ ಮೊದಲ ತುಂಡು ಕಾಟಮ್ಮನಿಗೆ ಎಂದು ತಿಳಿಸು. ಕೊಟ್ಟ ಮೇಲೆ, ಗುಡ್ಡದ ದೇವರ ದನಕ್ಕೆ ಮೇವು ಹಾಕಿದ್ದು ತಪ್ಪು ಎಂದೇ ನಾನು ಹೇಳುವವನು. ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತು: ಈ ವಾರವೂ ಹಾಕಿದ್ದೇನೆ ಎನ್ನುತ್ತಾಳೆ. ಅನ್ನಲಿ. ಕೊಟ್ಟದ್ದನ್ನು ಕಿತ್ತುಕೊಳ್ಳಲು ಆಗುವುದಿಲ್ಲವಲ್ಲ.

ನಿನ್ನ ನಗುವಿನ ಬಗ್ಗೆ ಕೇಳಿದ್ದಕ್ಕೆ ಉತ್ತರ: ಹೌದು, ಹಾಗೇ ಕೇಳಿಸುತ್ತಿತ್ತು.

ರೊಟ್ಟಿ ನೀನು ತಾ. ಇಲ್ಲಿಯ ಬೇಕರಿಯದು ಚೆನ್ನಾಗಿಲ್ಲ.

ದೇವು